ಹಿತ್ತಲ ಗಿಡ ಮದ್ದಾದ ಕಥೆ

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಿರಿಯರ ಮಾತು. ಮನೆಯ ಹಿಂದೆ ತಾನಾಗಿ ಬೆಳೆದದ್ದಕ್ಕೆ ಬೆಲೆಯಿಲ್ಲ. ದೂರದ ಅಂಗಡಿಯಿಂದ ಹಣ ಕೊಟ್ಟು ತಂದದ್ದೇ ಔಷಧಿ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳ ಸೇರಿದ ನಮ್ಮಂಥವರು ಈ ಗಾದೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ತನ್ನ ಹಿತ್ತಲಿನಲ್ಲಿ ಮದ್ದೆನಿಸದ ಗಿಡ ಪರರ ಅಂಗಳದಲ್ಲಿ ಮದ್ದಾಗುವುದುಂಟು. ಯಾವ ಗಿಡ, ಯಾವ ಊರಿನಲ್ಲಿ, ಯಾರ ರೋಗಕ್ಕೆ ಎಂಬುದನ್ನು ಮಾತ್ರ ಮೊದಲೇ ಹೇಳಲು ಬಾರದು. ನಾರ್ವೆ ದೇಶದಿಂದ ಅಮೆರಿಕಕ್ಕೆ ಹೋಗಿ, ಒಂದು ಒದೆತದಿಂದಲೇ ಹತ್ತೊಂಬತ್ತು ವರ್ಷ ಅನ್ನ ಸಂಪಾದಿಸಿದ ಯಾನ್ ಸ್ಟೆನೆರುಡ್ ಎಂಬಾತನ ಬದುಕು ಇದಕ್ಕೆ ಒಳ್ಳೆಯ ನಿದರ್ಶನ.

ಮೊದಲು ಆಟದ ವಿಚಾರ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಮುಂಬಯಿಯ ಕೂಪರೇಜ್ ಮೈದಾನದಲ್ಲಿ ನಾವು ಕಾಣುವ ಕಾಲ್ಚೆಂಡಿನ ಆಟವಲ್ಲ. ಅವರ ಚೆಂಡು ಉರುಟಾಗಿರುವುದಿಲ್ಲ. ಎರಡು ತುದಿಯೂ ಚೂಪಾಗಿ, ಸಿಪ್ಪೆ ಸುಲಿಯದ ಸಣ್ಣ ತೆಂಗಿನಕಾಯಿಯಂತಿರುತ್ತದೆ. ಹೆಸರಿನಲ್ಲಿ ಕಾಲಿದ್ದರೂ ಆಟವೆಲ್ಲ ಬಹುಮಟ್ಟಿಗೆ ಕೈಯದೇ. ಮೈದಾನದ ಮೇಲೆ ಅಡ್ಡಡ್ಡವಾಗಿ ಎಳೆದ ಗೆರೆಗಳು ಮಾಂಸ ಸುಡುವ ಕಬ್ಬಿಣದ ಸರಳುಗಳಂತೆ ಕಾಣುವುದರಿಂದ ಈ ಆಟಕ್ಕೆ ಗ್ರಿಡ್‌ಐರನ್ ಎಂಬ ಹೆಸರೂ ಉಂಟು. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಇನ್ನೂ ನಾಲ್ಕು ಪ್ರಯತ್ನ. ಇಲ್ಲವಾದರೆ ಚೆಂಡು ಎದುರು ಪಕ್ಷಕ್ಕೆ. ಹೀಗೆ ತಳ್ಳಾಡಿ, ಕೆಡವಿ, ಕೆಡವಿಸಿಕೊಂಡು ಕೊನೆಯ ಗೆರೆ ದಾಟಿದರೆ ಆರು ಅಂಕ.

ದಾಟಲಾಗದೆ ನಡುವೆ ಸಿಕ್ಕಿಬಿದ್ದಾಗ ಇನ್ನೊಂದು ಉಪಾಯವಿದೆ. ಚೆಂಡನ್ನು ನೆಲದ ಮೇಲೆ ನಿಲ್ಲಿಸಿ, ಒದ್ದು, ಎದುರಿಗಿರುವ ಎರಡು ಕಂಬಗಳ ನಡುವೆ ಹಾರಿಸಿದರೆ ಮೂರು ಅಂಕ. ಕಂಬಗಳ ನಡುವಣ ಅಂತರ ಹದಿನೆಂಟೂವರೆ ಅಡಿ. ಅಡ್ಡಪಟ್ಟಿ ನೆಲದಿಂದ ಹತ್ತು ಅಡಿ ಎತ್ತರ. ಚೆಂಡು ಆ ಪಟ್ಟಿಯ ಮೇಲಿಂದ ಹೋಗಬೇಕು. ಒಬ್ಬ ಬಗ್ಗಿ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಇನ್ನೊಬ್ಬ ಮೊಣಕಾಲೂರಿ ಅದನ್ನು ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ. ಮೂರನೆಯವನು ಓಡಿ ಬಂದು ಒದೆಯುತ್ತಾನೆ. ಎದುರಾಳಿಗಳು ಕೈಯೆತ್ತಿ ಮೇಲೆ ಬೀಳುವುದರೊಳಗೆ, ಅಂದರೆ ಸುಮಾರು ಒಂದೂಕಾಲು ಸೆಕೆಂಡಿನಲ್ಲಿ, ಇಷ್ಟೂ ಮುಗಿದಿರಬೇಕು. ಆ ಮೂರನೆಯವನಿಗೆ ಕಿಕ್ಕರ್ ಎಂದು ಹೆಸರು. ಈಗಿನ ಕಾಲದಲ್ಲಿ ಆತನಿಗೆ ಬೇರೆ ಕೆಲಸವಿಲ್ಲ. ಊಟದ ಕೊನೆಯಲ್ಲಿ ಬರುವ ಮಜ್ಜಿಗೆಯಂತೆ ಆತ ಬಂದು ಹೋಗುತ್ತಾನೆ. ಮಜ್ಜಿಗೆ ಕೆಟ್ಟರೆ ಮಾತ್ರ ಊಟವೇ ಕೆಟ್ಟಿತೆನ್ನುತ್ತಾರೆ.

ಸ್ಟೆನೆರುಡ್ ಹುಟ್ಟಿದ್ದು ೧೯೪೨ರ ನವೆಂಬರ್ ೨೬ರಂದು, ನಾರ್ವೆಯ ಫೆಟ್‌ಸುಂಡ್ ಎಂಬಲ್ಲಿ. ರಾಜಧಾನಿ ಓಸ್ಲೋಗೆ ಪೂರ್ವದಲ್ಲಿ, ಗ್ಲೋಮಾ ನದಿಯ ದಂಡೆಯ ಮೇಲಿನ ಊರು ಅದು. ಕಾಡಿನಲ್ಲಿ ಕಡಿದ ಮರದ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಟ್ಟು, ಅಲ್ಲಿ ತಡೆದು, ಬೇರೆ ಬೇರೆ ಮಾಡುವುದು ಆ ಊರಿನ ಹಳೆಯ ಕಸುಬು. ನಾರ್ವೆಯವರು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟುತ್ತಾರೆಂದು ಅವರಲ್ಲೇ ಒಂದು ಮಾತಿದೆ. ಬೇಸಗೆಯಲ್ಲಿ ಅಲ್ಲಿನ ಹುಡುಗರು ಎಲ್ಲ ಕಡೆಯಂತೆ ಉರುಟು ಚೆಂಡಿನ ಕಾಲ್ಚೆಂಡಾಡುತ್ತಾರೆ. ಚಳಿಗಾಲದಲ್ಲಿ ಹಿಮದ ಇಳಿಜಾರಿನಿಂದ ಜಾರಿ ಬಂದು ಗಾಳಿಗೆ ಜಿಗಿಯುತ್ತಾರೆ. ಯಾನ್ ಎರಡನ್ನೂ ಮಾಡಿದ. ಹೆಸರು ಬಂದದ್ದು ಮಾತ್ರ ಜಿಗಿತದಲ್ಲಿ. ಚೆಂಡು ಒದೆಯುವುದೇನು ಮಹಾ, ಊರಿನ ಪ್ರತಿ ಹುಡುಗನೂ ಒದೆಯುತ್ತಿದ್ದ.

ಅಮೆರಿಕದ ಮೊಂಟಾನಾ ಪ್ರಾಂತ್ಯ ಬೆಟ್ಟ, ಹಿಮಗಳ ಸೀಮೆ. ಅಲ್ಲಿನ ಬೋಜ್‌ಮನ್ ಊರಿನ ಮೊಂಟಾನಾ ಸ್ಟೇಟ್ ಕಾಲೇಜಿಗೆ ಸ್ಕೀ ಜಿಗಿಯುವ ಹುಡುಗರು ಬೇಕಾಗಿದ್ದರು. ಯಾನನಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಹೀಗೆ ಆತ ಒಂದು ವಿದ್ಯೆಯನ್ನು ಅರ್ಜಿಯಲ್ಲಿ ಬರೆದು ಸಮುದ್ರ ದಾಟಿದ. ಇನ್ನೊಂದು ವಿದ್ಯೆ ಅರ್ಜಿಯಲ್ಲಿ ಇರಲಿಲ್ಲ, ಅದು ಕಾಲಿನಲ್ಲಿತ್ತು.

೧೯೬೪ರ ಶರತ್ಕಾಲದ ಮಾತು. ಜಿಗಿಯುವವರ ತೊಡೆ ಗಟ್ಟಿಯಾಗಬೇಕಲ್ಲವೆ? ಅದಕ್ಕಾಗಿ ಯಾನ್ ಕಾಲೇಜಿನ ಕ್ರೀಡಾಂಗಣದ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದ. ಕೆಳಗೆ ಕಾಲೇಜು ತಂಡದ ಕಿಕ್ಕರ್ ಚೆಂಡು ಒದ್ದು ಅಭ್ಯಾಸ ಮಾಡುತ್ತಿದ್ದ. ನೋಡಿದ ಯಾನನಿಗೂ ಕಾಲು ತುರಿಸಿತು. ತನಗೆ ಗೊತ್ತಿದ್ದ ರೀತಿಯಲ್ಲಿ ತಾನೂ ನಾಲ್ಕು ಸಲ ಒದ್ದ. ಚೆಂಡು ಕಂಬಗಳನ್ನು ದಾಟಿ ಎಲ್ಲೋ ಹೋಗಿ ಬಿದ್ದಿತು. ಇದನ್ನು ಕಂಡವರು ಬಾಸ್ಕೆಟ್‌ಬಾಲ್ ತಂಡದ ತರಬೇತುದಾರ ರೋಜರ್ ಕ್ರಾಫ್ಟ್. ಅವರಿಗೂ ಈ ಆಟಕ್ಕೂ ಸಂಬಂಧವಿಲ್ಲ. ನಮಗೇಕೆ ಊರ ಉಸಾಬರಿ ಎಂದು ಅವರು ತಮ್ಮ ದಾರಿ ಹಿಡಿದು ಹೋಗಬಹುದಾಗಿತ್ತು. ಹೋಗಲಿಲ್ಲ. ಫುಟ್‌ಬಾಲ್ ತರಬೇತುದಾರ ಜಿಮ್ ಸ್ವೀನಿ ಅವರಿಗೆ ಸುದ್ದಿ ಮುಟ್ಟಿಸಿದರು. ಸ್ವೀನಿ ಕರೆದು ಪರೀಕ್ಷಿಸಿದರು, ಬಿಡಲಿಲ್ಲ. ಮರುವರ್ಷ, ೧೯೬೫ರಲ್ಲಿ, ಮೊಂಟಾನಾ ವಿಶ್ವವಿದ್ಯಾಲಯದ ಮೇಲಿನ ಪಂದ್ಯದಲ್ಲಿ ಈ ಸ್ಕೀ ಹುಡುಗ ೫೯ ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಹಾಯಿಸಿದ. ಎರಡೂವರೆ ಕ್ರಿಕೆಟ್ ಪಿಚ್ಚುಗಳನ್ನು ಒಂದರ ಮುಂದೊಂದು ಹಾಸಿದರೂ ಅಷ್ಟು ದೂರವಾಗದು. ಹಣಕ್ಕಾಗಿ ಆಡುವ ದೊಡ್ಡ ತಂಡಗಳಲ್ಲಿ ಆವರೆಗೆ ಇದ್ದ ದಾಖಲೆ ೫೬ ಗಜ.

ಈ ಹುಡುಗನ ಕಾಲಿನಲ್ಲಿ ಅಂಥದೇನಿತ್ತು? ಆವರೆಗೆ ಅಮೆರಿಕದವರು ಒದೆಯುತ್ತಿದ್ದ ಕ್ರಮವೇ ಬೇರೆ. ಚೆಂಡಿನ ನೇರ ಹಿಂದೆ ನಿಂತು, ನೇರವಾಗಿ ಓಡಿ ಬಂದು, ಬೂಟಿನ ತುದಿಯಿಂದ ಒದೆಯುವುದು. ಅದಕ್ಕಾಗಿ ಮುಂಭಾಗ ಚಪ್ಪಟೆಯಾದ ವಿಶೇಷ ಬೂಟುಗಳೂ ಇದ್ದವು. ನಾರ್ವೆಯ ಹುಡುಗ ಹಾಗಲ್ಲ. ಚೆಂಡಿಗೆ ಓರೆಯಾಗಿ ಒಂದು ಪಕ್ಕದಿಂದ ಬಂದು, ಸೊಂಟವನ್ನು ತಿರುಗಿಸಿ, ಪಾದದ ಮೇಲ್ಭಾಗದಿಂದ ಹೊಡೆಯುತ್ತಿದ್ದ. ಉರುಟು ಚೆಂಡು ಆಡುವ ದೇಶಗಳಲ್ಲಿ ಎಲ್ಲರೂ ಒದೆಯುವುದೇ ಹಾಗೆ. ಕಾಲು ದೊಡ್ಡ ಬಿಲ್ಲಿನಂತೆ ಬೀಸಿ ಬರುವುದರಿಂದ ವೇಗ ಹೆಚ್ಚು. ಬೆರಳ ತುದಿಗಿಂತ ಪಾದದ ಬೆನ್ನು ಅಗಲವಾದ್ದರಿಂದ ಚೆಂಡು ಅಡ್ಡಾದಿಡ್ಡಿ ಹೋಗುವ ಭಯ ಕಡಿಮೆ. ಗುದ್ದಲಿಯಿಂದ ಕುಟ್ಟುವುದಕ್ಕೂ ಕೊಡಲಿ ಬೀಸುವುದಕ್ಕೂ ಇರುವ ವ್ಯತ್ಯಾಸವೆನ್ನಿ. ಇಷ್ಟು ಸುಲಭದ ಸಂಗತಿ ಅಷ್ಟು ದೊಡ್ಡ ದೇಶಕ್ಕೆ ಏಕೆ ಹೊಳೆಯಲಿಲ್ಲ ಎಂದರೆ, ಅಪ್ಪ ಒದ್ದಂತೆ ಮಗ ಒದೆಯುತ್ತಿದ್ದ, ಅಷ್ಟೆ.

ಈ ಓರೆ ಒದೆತವನ್ನು ಅಲ್ಲಿನ ವೃತ್ತಿಪರ ಆಟಕ್ಕೆ ಮೊದಲು ತಂದವನು ಸ್ಟೆನೆರುಡ್ ಅಲ್ಲ. ೧೯೫೬ರ ದಂಗೆಯ ಬಳಿಕ ಹಂಗೆರಿಯಿಂದ ಕುಟುಂಬದೊಡನೆ ತಪ್ಪಿಸಿಕೊಂಡು ಬಂದ ಪೀಟ್ ಗೊಗೊಲಾಕ್ ಎಂಬಾತ ೧೯೬೪ರಲ್ಲಿ ಬಫಲೋ ತಂಡ ಸೇರಿ ಈ ದಾರಿ ತೆರೆದ. ಆ ಮೇಲೆ ಸೈಪ್ರಸ್‌ನಲ್ಲಿ ಹುಟ್ಟಿದ ಆರ್ಮೀನಿಯನ್ ಗ್ಯಾರೊ ಯೆಪ್ರೆಮಿಯನ್ ಬಂದ. ಹೀಗೆ ಪರದೇಶದವರು ಒಬ್ಬೊಬ್ಬರಾಗಿ ಬರತೊಡಗಿದಾಗ ಅಲ್ಲಿಯವರಿಗೆ ಇರಿಸುಮುರುಸಾಯಿತು. ಉಳಿದವರು ಮೈಯೆಲ್ಲ ಮಣ್ಣು ಮಾಡಿಕೊಂಡು, ಮೂಳೆ ಮುರಿದುಕೊಂಡು ಆಡುವುದು. ಇವನು ಶುಭ್ರವಾದ ಬಟ್ಟೆಯಲ್ಲಿ ಬಂದು ಒಂದು ಸಲ ಒದ್ದು ಗೆಲುವನ್ನು ಕಿಸೆಗೆ ಹಾಕಿಕೊಂಡು ಹೋಗುವುದು! ಇಂಥ ಕಿಕ್ಕರುಗಳಿಂದ ರೋಸಿಹೋದ ನಾರ್ಮ್ ವಾನ್ ಬ್ರಾಕ್ಲಿನ್ ಎಂಬ ತರಬೇತುದಾರರು, ಮೊದಲು ದೇಶದ ವಲಸೆ ಕಾನೂನನ್ನು ಬಿಗಿ ಮಾಡಬೇಕು ಎಂದು ಸಿಡುಕಿದರೆಂಬ ಮಾತು ಪ್ರಸಿದ್ಧವಾಗಿದೆ. ಇದರ ಧಾಟಿ ನಮ್ಮ ವಾಚಕರಲ್ಲಿ ಕೆಲವರಿಗೆ ತೀರ ಅಪರಿಚಿತವಾಗಿರಲಾರದು.

ಸ್ಟೆನೆರುಡ್ ೧೯೬೭ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಸೇರಿದ. ಆಗ ಅಮೆರಿಕದಲ್ಲಿ ಎರಡು ಲೀಗುಗಳಿದ್ದವು. ಹಳೆಯ ಲೀಗಿನವರು ಹೊಸ ಲೀಗಿನವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಚೀಫ್ಸ್ ಹೊಸ ಲೀಗಿನ ತಂಡ. ಎರಡೂ ಲೀಗುಗಳ ಗೆದ್ದ ತಂಡಗಳು ಸೆಣಸುವ ಸೂಪರ್ ಬೌಲ್ ಪಂದ್ಯ ೧೯೭೦ರ ಜನವರಿ ೧೧ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯಿತು. ಎದುರು ಪಕ್ಷ ಹಳೆಯ ಲೀಗಿನ ಮಿನೆಸೋಟಾ ವೈಕಿಂಗ್ಸ್. ಪಣ ಕಟ್ಟುವವರೆಲ್ಲ ವೈಕಿಂಗ್ಸ್ ಕಡೆಗೇ. ಮೊದಲ ಸರದಿಯಲ್ಲಿ ಚೀಫ್ಸ್ ೪೮ ಗಜ ದೂರದಲ್ಲಿ ನಿಂತುಬಿಟ್ಟರು. ಅಷ್ಟು ದೂರದಿಂದ ಒದೆಯಲು ಸ್ಟೆನೆರುಡ್ ಬಂದ. ತಂಡದ ನಾಯಕಮಣಿ ಲೆನ್ ಡಾಸನ್ ತಾನೇ ಮೊಣಕಾಲೂರಿ ಚೆಂಡು ಹಿಡಿದ. ಚೆಂಡು ಪಟ್ಟಿಯ ಮೇಲಿಂದ ಹಾಯಿತು. ಆಮೇಲೆ ೩೨ ಗಜದಿಂದ ಒಂದು, ೨೫ ಗಜದಿಂದ ಇನ್ನೊಂದು. ಒಟ್ಟು ಒಂಬತ್ತು ಅಂಕ, ಒಬ್ಬನೇ ಒಬ್ಬನ ಕಾಲಿನಿಂದ. ಅಷ್ಟಾಗುವವರೆಗೆ ಬೇರೆ ಯಾರೂ ಒಂದು ಅಂಕವನ್ನೂ ಗಳಿಸಿರಲಿಲ್ಲ. ಪಂದ್ಯ ಮುಗಿದಾಗ ಚೀಫ್ಸ್ ೨೩, ವೈಕಿಂಗ್ಸ್ ೭. ಆ ೪೮ ಗಜದ ಒದೆತ ಸೂಪರ್ ಬೌಲ್ ಪಂದ್ಯಗಳ ದಾಖಲೆಯಾಗಿ ೧೯೯೪ರವರೆಗೆ ಉಳಿಯಿತು. ಚೀಫ್ಸ್ ತಂಡಕ್ಕೆ ಅಂಥ ಗೆಲುವು ಮತ್ತೆ ಸಿಗಲು ೨೦೨೦ನೆಯ ಇಸವಿ ಬರಬೇಕಾಯಿತು.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಮಕ್ಕಳ ಕಥೆಯಾಗುತ್ತಿತ್ತು. ಅದಾದ ಮರುವರ್ಷ, ೧೯೭೧ರ ಕ್ರಿಸ್‌ಮಸ್ ದಿನ, ಕ್ಯಾನ್ಸಸ್ ಸಿಟಿಯ ತಮ್ಮದೇ ಮೈದಾನದಲ್ಲಿ ಚೀಫ್ಸ್ ತಂಡ ಮಯಾಮಿ ಡಾಲ್ಫಿನ್ಸ್ ತಂಡವನ್ನು ಎದುರಿಸಿತು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಪಂದ್ಯದ ಮೊದಲ ಭಾಗದಲ್ಲಿ, ಸ್ಟೆನೆರುಡ್ ಒದೆಯುವಂತೆ ನಟಿಸಿ ಚೆಂಡು ಹಿಡಿದು ಓಡಬೇಕೆಂದು ಒಂದು ತಂತ್ರ ಹೂಡಿದರು. ಚೆಂಡು ಎಸೆಯುವವನು ಅದನ್ನು ಸ್ಟೆನೆರುಡ್ ಬದಲು ಡಾಸನ್ ಕೈಗೆ ಎಸೆದ. ಓಡಲು ಸಿದ್ಧನಾಗಿದ್ದವನು ಗಡಿಬಿಡಿಯಲ್ಲಿ ಒದೆಯಬೇಕಾಯಿತು, ತಪ್ಪಿತು. ಪಂದ್ಯ ಮುಗಿಯಲು ೩೫ ಸೆಕೆಂಡುಗಳಿರುವಾಗ ಎರಡು ತಂಡಗಳೂ ೨೪ ಅಂಕಗಳಲ್ಲಿ ಸರಿಸಮನಾಗಿದ್ದವು. ಮೂವತ್ತು ಗಜಕ್ಕಿಂತ ತುಸು ಹೆಚ್ಚಿನ ದೂರ. ಸ್ಟೆನೆರುಡ್‌ಗೆ ಅದು ದೂರವೇ ಅಲ್ಲ. ಇಡೀ ಊರು ಗೆದ್ದೆವೆಂದುಕೊಂಡಿತು. ಚೆಂಡು ಬಲಗಡೆಯ ಕಂಬದ ಹೊರಗೆ ಹೋಯಿತು.

ಪಂದ್ಯ ಹೆಚ್ಚುವರಿ ಸಮಯಕ್ಕೆ ಸಾಗಿತು. ಅಲ್ಲಿಯೂ ಸ್ಟೆನೆರುಡ್‌ಗೆ ೪೨ ಗಜದಿಂದ ಒಂದು ಅವಕಾಶ ಬಂತು. ಎದುರಾಳಿ ಕೈಯಡ್ಡ ಹಿಡಿದು ತಡೆದ. ಒಂದು ಹೆಚ್ಚುವರಿ ಅವಧಿ ಮುಗಿದು ಎರಡನೆಯದು ಆರಂಭವಾಯಿತು. ಕತ್ತಲೆಯಾಗುತ್ತ ಬಂತು. ಕೊನೆಗೆ ಮಯಾಮಿಯ ಕಿಕ್ಕರ್ ೩೭ ಗಜದಿಂದ ಒದ್ದು ಗೆಲ್ಲಿಸಿದ. ಆತ ಬೇರೆ ಯಾರೂ ಅಲ್ಲ, ಸೈಪ್ರಸ್‌ನಿಂದ ಬಂದ ಯೆಪ್ರೆಮಿಯನ್. ಅರವತ್ತು ನಿಮಿಷದ ಆಟ ೮೨ ನಿಮಿಷ ೪೦ ಸೆಕೆಂಡುಗಳಷ್ಟು ನಡೆದು, ಆ ಲೀಗಿನ ಚರಿತ್ರೆಯಲ್ಲೇ ಅತಿ ದೀರ್ಘವಾದ ಪಂದ್ಯವೆನಿಸಿತು. ಅಮೆರಿಕದ ಆ ಅಪ್ಪಟ ಆಟವನ್ನು ಆ ದಿನ ತೀರ್ಮಾನಿಸಿದವು ಇಬ್ಬರು ಪರದೇಶದವರ ಕಾಲುಗಳು.

ಎಪ್ಪತ್ತು ನಿಮಿಷ, ಎಂಬತ್ತು ನಿಮಿಷ ಆಡಿದವರ ಹತ್ತಾರು ತಪ್ಪುಗಳು ಆಟದ ಧೂಳಿನಲ್ಲಿ ಮುಚ್ಚಿಹೋಗುತ್ತವೆ. ಕಿಕ್ಕರನ ತಪ್ಪು ಮುಚ್ಚುವುದಿಲ್ಲ. ಮೈದಾನದ ನಡುವೆ ಒಬ್ಬನೇ ನಿಂತು, ಸಾವಿರಾರು ಜನರ ಕಣ್ಣೆದುರು ಮಾಡಿದ ತಪ್ಪು ಅದು. ಆ ದಿನದ ಪ್ರಶ್ನೆ ಸ್ಟೆನೆರುಡ್‌ನನ್ನು ದಶಕಗಳ ಕಾಲ ಬಿಡಲಿಲ್ಲ; ಎಲ್ಲಿ ಹೋದರೂ ಜನ ಅದನ್ನೇ ಕೇಳಿದರು. ಸೂಪರ್ ಬೌಲ್‌ನ ಮೂರು ಒದೆತಗಳನ್ನು ಎಷ್ಟು ಜನ ನೆನೆದರೋ, ಕ್ರಿಸ್‌ಮಸ್ ದಿನದ ಆ ಒಂದನ್ನು ಅದಕ್ಕಿಂತ ಹೆಚ್ಚು ಜನ ನೆನೆದರು. ಪರಸ್ಥಳದವನ ಮಟ್ಟಿಗೆ ಇದು ಇನ್ನೂ ಕಷ್ಟ. ಊರಿನವನು ತಪ್ಪಿದರೆ ಆತನಿಗೆ ಅಂದು ಗ್ರಹಚಾರ ಸರಿಯಿರಲಿಲ್ಲ ಎನ್ನುತ್ತಾರೆ. ಹೊರಗಿನವನು ತಪ್ಪಿದರೆ ಇವನಿಗೆ ಈ ಆಟವೇ ಬಾರದು ಎನ್ನುತ್ತಾರೆ.

ಆದರೂ ಮುಂದಿನ ಋತುವಿಗೆ ಆತ ಮತ್ತೆ ಅದೇ ಊರಿನಲ್ಲಿ, ಅದೇ ಜನರೆದುರು ಬಂದು ನಿಂತ. ಇನ್ನೂ ಎಂಟು ಋತು ಅವರಿಗಾಗಿಯೇ ಒದ್ದ. ಈ ನಡುವೆ ಆಟದ ನಿಯಮವೇ ಬದಲಾಯಿತು. ಓರೆ ಒದೆತದವರು ಹೆಚ್ಚಿ, ಮೂರು ಅಂಕ ಗಳಿಸುವುದು ತೀರ ಸುಲಭವಾಯಿತೆಂದು, ೧೯೭೪ರಲ್ಲಿ ಕಂಬಗಳನ್ನು ಗೆರೆಯಿಂದ ಹತ್ತು ಗಜ ಹಿಂದಕ್ಕೆ ನೆಟ್ಟರು. ಮನೆಗೆ ಬಂದ ಅತಿಥಿ ಚೆನ್ನಾಗಿ ಉಣ್ಣುತ್ತಾನೆಂದು ಅನ್ನದ ಪಾತ್ರೆಯನ್ನು ದೂರ ಸರಿಸಿದಂತೆ! ಅಷ್ಟು ದೂರಕ್ಕೂ ಆತನ ಕಾಲು ಮುಟ್ಟಿತು.

೧೯೮೦ರಲ್ಲಿ ಚೀಫ್ಸ್ ತಂಡ ಆತನನ್ನು ಕೈಬಿಟ್ಟು ತರುಣನೊಬ್ಬನನ್ನು ತೆಗೆದುಕೊಂಡಿತು. ಆಗ ಆತನಿಗೆ ಮೂವತ್ತೇಳು ವರ್ಷ. ಆಟಗಾರರ ಲೆಕ್ಕದಲ್ಲಿ ಅದು ವಾನಪ್ರಸ್ಥದ ವಯಸ್ಸು. ಅದೇ ವರ್ಷದ ಕೊನೆಗೆ ಗ್ರೀನ್ ಬೇ ಊರಿನ ತಂಡದಿಂದ ಕರೆ ಬಂತು. ಅಲ್ಲಿ ೧೯೮೧ರಲ್ಲಿ ೨೪ ಪ್ರಯತ್ನಗಳಲ್ಲಿ ೨೨ನ್ನು ಹಾಯಿಸಿದ. ೧೯೮೩ರಲ್ಲಿ ಜಾರ್ಜ್ ಬ್ಲಾಂಡಾ ಅವರ ೩೩೫ರ ದಾಖಲೆಯನ್ನು ದಾಟಿದ. ಕೊನೆಯ ಎರಡು ವರ್ಷ ಆಡಿದ್ದು ಮಿನೆಸೋಟಾ ವೈಕಿಂಗ್ಸ್ ಪರವಾಗಿ, ಅಂದರೆ ಹಿಂದೆ ತಾನೇ ಸೂಪರ್ ಬೌಲ್‌ನಲ್ಲಿ ಕೆಡವಿದ ತಂಡ! ನಾರ್ವೆಯಿಂದ ಹಿಂದೊಮ್ಮೆ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು ಬಹಳವಾಗಿರುವ ಪ್ರಾಂತ್ಯ ಮಿನೆಸೋಟಾ. ತಂಡಕ್ಕೆ ವೈಕಿಂಗ್ಸ್ ಎಂಬ ಹೆಸರು ಬಂದದ್ದೂ ಆ ನೆನಪಿನಿಂದಲೇ. ನಿಜವಾಗಿ ನಾರ್ವೆಯಲ್ಲಿ ಹುಟ್ಟಿದವನೊಬ್ಬ ಆ ಅಂಗಿ ತೊಟ್ಟು, ನಲವತ್ತೆರಡರ ವಯಸ್ಸಿನಲ್ಲಿ, ೧೯೮೪ರ ಋತುವಿನ ಆಯ್ದ ಆಟಗಾರರ ಪಂದ್ಯಕ್ಕೆ ಆರಿಸಲ್ಪಟ್ಟ. ೧೯೮೫ರ ಋತುವಿನೊಂದಿಗೆ ಆಟ ಬಿಟ್ಟ.

ಒಟ್ಟು ಲೆಕ್ಕ ಹೀಗಿದೆ: ಹತ್ತೊಂಬತ್ತು ಋತು, ೧,೬೯೯ ಅಂಕ, ಮೂರಂಕದ ಒದೆತಗಳು ೫೫೮ ಪ್ರಯತ್ನ, ೩೭೩ ಸಫಲ. ಕಳೆದು ನೋಡಿದರೆ ೧೮೫ ತಪ್ಪಿದವು. ಈಗಿನ ಕಿಕ್ಕರುಗಳು ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಹಾಯಿಸುತ್ತಾರೆ; ಅವರಿಗೆ ಮೈದಾನವೂ ನುಣುಪು, ಚೆಂಡು ಎಸೆಯಲೆಂದೇ ಬೇರೆ ಪಳಗಿದವರೂ ಇದ್ದಾರೆ. ಅವರೆಲ್ಲರೂ ಒದೆಯುವುದು ಓರೆಯಾಗಿಯೇ. ನೇರ ಒದೆಯುವವರಲ್ಲಿ ಕೊನೆಯವರಾದ ಮಾರ್ಕ್ ಮೋಸ್ಲಿ ೧೯೮೬ರಲ್ಲಿ ನಿವೃತ್ತರಾದರು. ಪರದೇಶದವರ ವಿಚಿತ್ರವೆನಿಸಿದ್ದು ಇಪ್ಪತ್ತೆರಡು ವರ್ಷಗಳಲ್ಲಿ ಆ ದೇಶದ ಪದ್ಧತಿಯೇ ಆಯಿತು. ಈಗ ಅಮೆರಿಕದ ಹಳ್ಳಿಯ ಹುಡುಗನೂ ಹಾಗೆಯೇ ಒದೆಯುತ್ತಾನೆ. ಇದು ಎಲ್ಲಿಂದ ಬಂತೆಂದು ಆತನಿಗೆ ಗೊತ್ತಿರಬೇಕಾಗಿಲ್ಲ.

ಓಹಾಯೋ ಪ್ರಾಂತ್ಯದ ಕ್ಯಾಂಟನ್ ಎಂಬಲ್ಲಿ ಈ ಆಟದ ಮಹನೀಯರ ಕೀರ್ತಿಭವನವೊಂದಿದೆ. ಅದು ತೆರೆದದ್ದು ೧೯೬೩ರಲ್ಲಿ. ಬೇರೆ ಸ್ಥಾನದಲ್ಲಿಯೂ ಆಡುತ್ತ ಜೊತೆಗೆ ಒದೆಯುತ್ತಿದ್ದ ಒಬ್ಬಿಬ್ಬರಿಗೆ ಅಲ್ಲಿ ಪ್ರವೇಶ ದೊರೆತಿತ್ತು. ಬರಿಯ ಒದೆತವೇ ಕಸುಬಾದವರು ಅಲ್ಲಿಗೆ ಅರ್ಹರಲ್ಲವೆಂಬಂತೆ ಇಪ್ಪತ್ತೆಂಟು ವರ್ಷ ಕಳೆಯಿತು. ೧೯೯೧ರಲ್ಲಿ, ಅರ್ಹತೆ ಬಂದ ಮೊದಲ ವರ್ಷವೇ, ಸ್ಟೆನೆರುಡ್ ಒಳಗೆ ಬಂದ. ಆತನ ಕಂಚಿನ ಮುಖಪ್ರತಿಮೆ ಅಲ್ಲಿ ಭೀಮಕಾಯರ ಸಾಲಿನಲ್ಲಿದೆ. ಚೀಫ್ಸ್ ತಂಡ ಆತನ ಮೂರನೆಯ ನಂಬರಿನ ಅಂಗಿಯನ್ನು ಬೇರೆ ಯಾರಿಗೂ ಕೊಡದಂತೆ ತೆಗೆದಿರಿಸಿದೆ. ಕ್ರಿಸ್‌ಮಸ್ ದಿನ ಸೋತ ಅದೇ ತಂಡ. ಬರಿಯ ಕಿಕ್ಕರನೊಬ್ಬ ಎರಡನೆಯ ಬಾರಿ ಆ ಭವನ ಸೇರಿದ್ದು ೨೦೧೭ರಲ್ಲಿ. ಆತ ಮಾರ್ಟೆನ್ ಆಂಡರ್ಸನ್, ನಾರ್ವೆಯ ನೆರೆಯ ಡೆನ್ಮಾರ್ಕಿನವನು.

ಈ ಕಥೆಯಿಂದ ಮಕ್ಕಳನ್ನೆಲ್ಲ ಚೆಂಡು ಒದೆಯಲು ಕಳುಹಿಸಬೇಕೆಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಎರಡು ಸಂಗತಿ. ಯಾನ್ ಕ್ರೀಡಾಂಗಣಕ್ಕೆ ಹೋದದ್ದು ತನ್ನ ಗೊತ್ತಾದ ಕೆಲಸವನ್ನು ಶ್ರದ್ಧೆಯಿಂದ ಮಾಡಲು. ಮೆಟ್ಟಿಲು ಹತ್ತುತ್ತಿರದಿದ್ದರೆ ಆ ಚೆಂಡು ಅವನ ಕಾಲಿಗೆ ಸಿಕ್ಕುತ್ತಿರಲಿಲ್ಲ. ಎರಡನೆಯದು, ಅಲ್ಲಿ ರೋಜರ್ ಕ್ರಾಫ್ಟ್ ಇದ್ದರು. ತನ್ನ ತಂಡದವನಲ್ಲದ, ತನ್ನ ಆಟದವನಲ್ಲದ, ತನ್ನ ದೇಶದವನೂ ಅಲ್ಲದ ಹುಡುಗನ ಗುಣವನ್ನು ಕಂಡು ಇನ್ನೊಬ್ಬರ ಕಿವಿಗೆ ಹಾಕಿದರು. ಅದರಿಂದ ಅವರಿಗೆ ಬಂದ ಲಾಭವೇನೂ ಇಲ್ಲ.

ನಮ್ಮ ಮನೆಗಳಲ್ಲಿ ಮಗು ಇಂಗ್ಲಿಷು, ಗಣಿತಗಳಲ್ಲಿ ಎಷ್ಟು ಅಂಕ ತಂದಿತೆಂದು ಕೇಳುತ್ತೇವೆ, ಕೇಳಬೇಕಾದದ್ದೇ. ಅಜ್ಜಿಯಿಂದ ಕಲಿತ ಹಾಡು, ಊರಿಗೆ ಹೋದಾಗ ಕಲಿತ ಈಜು, ಬಾಯಿಲೆಕ್ಕ, ಮನೆಯ ಕನ್ನಡ, ಇವು ಅರ್ಜಿಯ ಯಾವ ಅಂಕಣದಲ್ಲಿಯೂ ಬರುವುದಿಲ್ಲವೆಂದು ಮೂಲೆಗೆ ಹಾಕುವ ಅವಸರವಂತೂ ಬೇಡ. ಸಂಘದ ಮಕ್ಕಳ ಸ್ಪರ್ಧೆಗೆ ಹೆಸರು ಬರೆಸುವಾಗ ಹಾಡು, ಭಾಷಣ, ಚಿತ್ರಗಳ ಜೊತೆಗೆ ಇನ್ನೂ ಒಂದು ಸಾಲನ್ನು ಖಾಲಿ ಬಿಟ್ಟರೆ ಹೇಗೆ? ನಿನಗೆ ಮತ್ತೇನು ಬರುತ್ತದೆ ಮಗೂ, ಎಂದು ಕೇಳಿ ಅಲ್ಲಿ ಬರೆದುಕೊಳ್ಳಬಹುದು. ಕಾರ್ಯಕಾರಿ ಸಮಿತಿಯವರು ಆಲೋಚಿಸಬೇಕಾಗಿ ವಿನಂತಿ.